ಕಿಟಕಿ ಮತ್ತು ಕೋರಂ

ಸಭೆ ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಪ್ರಾಧ್ಯಾಪಕರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಪಾಠ ಮಾಡಿದರೆ ಹುಡುಗರು ಗಡಿಯಾರ ನೋಡುತ್ತಾರೆ. ಸಭೆಯಲ್ಲಿ ನಾನು ಆಡಿದ್ದನ್ನು ಬರೆದುಕೊಳ್ಳಲಿಕ್ಕೇ ಒಬ್ಬರು ಕೂತಿರುತ್ತಾರೆ. ಮನೆಯಲ್ಲಂತೂ ನನ್ನ ಮಾತನ್ನು ಯಾರೂ ಬರೆದುಕೊಂಡಿಲ್ಲ. ಮೇಲಾಗಿ ಬಿಸಿ ಮಿರ್ಚಿ ಭಜಿ, ಚಹಾ. ಹೀಗಾಗಿ ನಮ್ಮ ವಿಶ್ವವಿದ್ಯಾಲಯದಲ್ಲಿ ನಾನಿಲ್ಲದ ಸಮಿತಿ ಸಿಗುವುದು ಕಷ್ಟ.

ಧಾರವಾಡದ ನಮ್ಮ ವಿಭಾಗದಲ್ಲಿ, ನೆಲಮಹಡಿಯ ನನ್ನ ಕೋಣೆಗಿರುವುದು ಒಂದೇ ಕಿಟಕಿ. ಹಳೆಯ ಕಾಲದ ಮರದ ಹಲಗೆಯದು, ಹೊರಕ್ಕೆ ತೆರೆಯುವಂಥದು. ಬಣ್ಣ ಬಳಿಯಲು ಬಂದವರು ಅದನ್ನು ಮುಚ್ಚಿದಂತೆಯೇ ಬಳಿದು ಹೋದರು. ಬಣ್ಣ ಒಣಗಿ ಕಿಟಕಿ ಚೌಕಟ್ಟಿಗೆ ಅಂಟಿಕೊಂಡಿತು. ನಮ್ಮದು ತಂಪು ಊರು ಎಂದು ಹುಬ್ಬಳ್ಳಿಯವರ ಮುಂದೆ ಜಂಬ ಕೊಚ್ಚುವ ನಾನು ಬೇಸಿಗೆಯಲ್ಲಿ ಒಳಗೆ ಇಡ್ಲಿಯಂತೆ ಬೇಯತೊಡಗಿದೆ. ಕಟ್ಟಡದ ಒಂದು ಮೊಳೆ ಸಡಿಲಾದರೂ ಅದು ಕಟ್ಟಡ ಸಮಿತಿಯ ಮುಂದೆ ಬರಬೇಕು. ಖುಷಿಯಿಂದಲೇ ಅರ್ಜಿ ಬರೆದೆ, ಆ ಸಮಿತಿಯಲ್ಲಿ ನಾನೂ ಇದ್ದೇನಲ್ಲ.

ಸಮಿತಿಯಲ್ಲಿ ಐದು ಜನ. ಮೂವರಿಲ್ಲದೆ ಸಭೆ ನಡೆಯುವಂತಿಲ್ಲ. ಬರುವವರೂ ಮೂವರೇ: ಅಧ್ಯಕ್ಷರಾದ ಪಾಟೀಲ ಸರ್, ನಡಾವಳಿ ಬರೆಯುವ ಜೋಶಿ ಮೇಡಂ, ಮತ್ತು ನಾನು. ನನ್ನ ಅರ್ಜಿ ಬಂದಾಗ ಪಾಟೀಲ ಸರ್ ಕನ್ನಡಕ ತೆಗೆದರು.

"ಸ್ವಲ್ಪ ಹೊರಗ ನಿಂದರ್ರಿ. ನಿಮ್ಮದ ವಿಷಯ ಐತಿ."

ನಿಂತೆ. ಎರಡು ನಿಮಿಷಕ್ಕೆ ಮೇಡಂ ಬಾಗಿಲು ತೆರೆದರು. "ಒಳಗ ಬರ್ರಿ ಸರ್. ನೀವು ಹೋದ ಮ್ಯಾಲೆ ಇಬ್ಬರ ಉಳದ್ವಿ, ಕೋರಂ ಇಲ್ಲ. ವಿಷಯ ಮುಂದಿನ ಸಭೆಗೆ ಹೋತು."

ಮುಂದಿನ ಸಭೆಯಲ್ಲೂ ಹೀಗೇ ಆಯಿತು. ಅದರ ಮುಂದಿನದರಲ್ಲಿ ನಾನು ಒಳಗೆ ಬರುವಷ್ಟರಲ್ಲಿ ನನ್ನ ಪಾಲಿನ ಮಿರ್ಚಿಯೂ ಖಾಲಿ. "ಇಂಥಾ ಹುಚ್ಚು ನಿಯಮ ಮಾಡಿದವರ ಯಾರ್ರಿ?" ಎಂದು ರೇಗಿದೆ. ಮೇಡಂ ಹಳೆಯ ನಡಾವಳಿ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ತಮ್ಮ ವಿಷಯ ಬಂದಾಗ ಸದಸ್ಯರು ಹೊರಗಿರಬೇಕೆಂದು ಸೂಚಿಸಿದವನು ನಾನೇ. ಸಹೋದ್ಯೋಗಿಯೊಬ್ಬರು ಸಮಿತಿಯಲ್ಲಿ ಕೂತು ಮೂಲೆಯ ದೊಡ್ಡ ಕೋಣೆಯನ್ನು ತಮಗೇ ಮಂಜೂರು ಮಾಡಿಕೊಳ್ಳಬಾರದೆಂದು ಹಿಂದೊಮ್ಮೆ ಘನವಾಗಿ ಮಾತಾಡಿದ್ದೆ. ಆ ಕೋಣೆಯ ಮೇಲೆ ನನಗೂ ಕಣ್ಣಿತ್ತೆಂಬುದು ಮಾತ್ರ ನಡಾವಳಿಯಲ್ಲಿಲ್ಲ.

ಕಡೆಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಾಲ್ಕನೆಯ ಸದಸ್ಯರನ್ನು ಕಾಡಿ ಬೇಡಿ, ನಾನೇ ಸ್ಕೂಟರಿನ ಮೇಲೆ ಕರೆತಂದೆ. ನಾನು ಹೊರಗೆ ಹೋದರೂ ಒಳಗೆ ಮೂವರು ಉಳಿದರು. "ಕಣ್ಣಾರೆ ನೋಡದ ಹ್ಯಾಂಗ ಹೇಳೂದ್ರಿ? ಮಧ್ಯಾಹ್ನ ಮೂರಕ್ಕ ಬಂದು ನೋಡ್ತೀವಿ" ಎಂದು ತೀರ್ಮಾನಿಸಿದರು.

ಮೂರಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಜವಾನ ಈರಪ್ಪ ಚಹಾ ತಂದ. ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, "ಕಿಟಕಿ ಯಾಕ ಮುಚ್ಚೀರಿ ಸರ್?" ಎಂದ.

"ಅದು ಸಮಿತಿ ಮುಂದ ಐತಪ್ಪಾ."

ಅವನಿಗೆ ಅರ್ಥವಾಗಲಿಲ್ಲ. ಕಿಸೆಯಿಂದ ಚಾಕು ತೆಗೆದು ಬಣ್ಣದ ಅಂಚಿಗೆ ಒಂದು ಗೆರೆ ಎಳೆದ, ಅಂಗೈಯಿಂದ ಒಂದು ಪೆಟ್ಟು ಕೊಟ್ಟ. ಕಿಟಕಿ ತೆರೆಯಿತು. ಬೇವಿನ ಮರದ ಗಾಳಿ ಮುಖಕ್ಕೆ ಬಡಿದಾಗ ನಿಜವಾಗಿ ಕಣ್ಣು ತುಂಬಿ ಬಂತು.

ಆಮೇಲೆ ಗಡಿಯಾರ ನೋಡಿದೆ. ಇನ್ನು ಐದೇ ನಿಮಿಷ. ನಾಲ್ಕು ಸಭೆ, ಬೆಂಗೇರಿಯ ಸ್ಕೂಟರ್ ಸವಾರಿ, ಇಷ್ಟೆಲ್ಲ ಆದಮೇಲೆ ತೆರೆದ ಕಿಟಕಿ ಕಂಡರೆ ನನ್ನ ಮರ್ಯಾದೆಯ ಗತಿಯೇನು?

"ಈರಪ್ಪಾ, ಮುಚ್ಚು. ಹೊರಗ ನಿಂತು ಒತ್ತಿ ಹಿಡಿ."

"ತೆಗದೇನಲ್ರಿ, ಮತ್ತ ಮುಚ್ಚೂದ್ಯಾಕ?" ಎಂದು ಗೊಣಗುತ್ತ ಹೋದ.

ಮೂವರೂ ಬಂದರು. ಪಾಟೀಲ ಸರ್ ಕಿಟಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀವು ಹೊರಗ ನಿಂದರ್ರಿ." ನಿಯಮ ನನ್ನದೇ, ಹೊರಟೆ. ಸುತ್ತು ಹಾಕಿ ಬಂದು ಈರಪ್ಪನ ಪಕ್ಕದಲ್ಲಿ ನಿಂತು, ನಾನೂ ಎರಡು ಕೈ ಹಚ್ಚಿ ಒತ್ತಿದೆ. ಒಳಗಿನಿಂದ ಯಾರೋ ದೂಡಿದರು, ಇನ್ನೊಬ್ಬರು ಭುಜ ಕೊಟ್ಟರು. "ಖರೇ ಹೇಳ್ಯಾರ ನೋಡ್ರಿ, ಭಾಳ ಬಿಗಿ ಐತಿ" ಎಂದು ಪಾಟೀಲ ಸರ್ ಏದುಸಿರು ಬಿಟ್ಟದ್ದು ಕೇಳಿಸಿತು.

"ಎಷ್ಟೊತ್ತು ಹಿಡೀಬೇಕ್ರಿ ಸರ್?" ಎಂದು ಈರಪ್ಪ ಪಿಸುಗುಟ್ಟಿದ.

"ಕೋರಂ ಇರೂತನಕ" ಎಂದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೊರಗೆ ಗಾಳಿ ಬಹಳ ಚೆನ್ನಾಗಿತ್ತು.