ಲಾಸ್ಟ್ ಬಸ್ಸಿನ ಕ್ಲೈಮ್ಯಾಕ್ಸು

ಒಂದು ಸಿನಿಮಾ ನೋಡಬಹುದೋ, ನೋಡಬಾರದೋ ಎಂದು ತೀರ್ಪು ಕೊಡುವ ಅಧಿಕಾರ ಕುಂದಾಪುರದಿಂದ ಬೈಂದೂರಿನವರೆಗೆ ನನಗೊಬ್ಬನಿಗೇ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ಹೇಳಿಕೊಂಡೂ ತಿರುಗುತ್ತಿದ್ದೆ! ಹಾಗಾಗಿ ನಾದಿನಿ ಚಂದನಾಳನ್ನು ಒಪ್ಪಿದ ಗಂಡಿನ ಮನೆಯವರನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗುವ ಮಾತು ಬಂದಾಗ, ಯಾವ ಸಿನಿಮಾ ಎಂಬುದನ್ನು ನನಗೆ ಬಿಟ್ಟುಬಿಡಿ ಎಂದು ಎದೆ ಮುಂದೆ ಮಾಡಿದೆ. ಆ ಎದೆ ಒಳಗೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ.

ಇದು ೨೦೦೪ರ ಆಸುಪಾಸಿನ ಮಾತು. ಆಗ ನಾನು ಬಿಜೂರಿನಿಂದ ದಿನಾ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಕೂರುತ್ತಿದ್ದೆ. ಅಪ್ಪ ಬಲೆ ಹಿಡಿದವರು, ನಾನು ಫೈಲು ಹಿಡಿದವನು. ಕುಂದಾಪುರದ ಟಾಕೀಸಿಗೆ ಹೊಸ ಸಿನಿಮಾ ಬಂದ ದಿನ ಸಂಜೆ ಕಚೇರಿಯಿಂದ ನೇರ ಟಾಕೀಸಿಗೆ ನುಗ್ಗುವುದು, ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ತೀರ್ಪು ಓದುವುದು. ನಾನು "ಅಡ್ಡಿಲ್ಲ" ಎಂದರೆ ಆ ವಾರ ನಮ್ಮ ಕಚೇರಿಯ ಅರ್ಧ ಜನ ಸಂಸಾರ ಸಮೇತ ಟಾಕೀಸಿನಲ್ಲಿ ಇರುತ್ತಿದ್ದರು. "ದಂಡ" ಎಂದರೆ ಒಬ್ಬನೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೊಸ ಸಾಹೇಬರು ಬಂದಾಗ ನನ್ನ ಪರಿಚಯ ಮಾಡಿಕೊಟ್ಟದ್ದು ಗುಮಾಸ್ತ ಎಂದಲ್ಲ, ನಮ್ಮ ಸಿನಿಮಾ ಪಂಡಿತರು ಎಂದು!

ಈ ಪಾಂಡಿತ್ಯದಲ್ಲಿ ಒಂದೇ ಒಂದು ಸಣ್ಣ ತೂತು ಇತ್ತು. ನಾನು ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ.

ತಪ್ಪು ನನ್ನದಲ್ಲ, ಲಾಸ್ಟ್ ಬಸ್ಸಿನದು. ಸಂಜೆಯ ಆಟ ಮುಗಿಯುವುದಕ್ಕೂ ಮೊದಲೇ ಬೈಂದೂರು ಕಡೆಯ ಲಾಸ್ಟ್ ಬಸ್ಸು ಹೊರಟುಬಿಡುತ್ತಿತ್ತು. ಅದನ್ನು ಬಿಟ್ಟರೆ ಹೆದ್ದಾರಿಯಲ್ಲಿ ಲಾರಿಗೆ ಕೈ ಅಡ್ಡ ಹಿಡಿಯಬೇಕು, ಇಲ್ಲವೇ ನಡೆಯಬೇಕು. ಹಾಗಾಗಿ ನಾಯಕ ಖಳನ ಅಡ್ಡೆಗೆ ಹೊರಟ ಎಂದಾಗ ನಾನು ಬಸ್ ನಿಲ್ದಾಣಕ್ಕೆ ಹೊರಡುತ್ತಿದ್ದೆ. ನಾನೊಬ್ಬನೇ ಅಲ್ಲ. ನಾವುಂದದವರು, ಕಿರಿಮಂಜೇಶ್ವರದವರು, ಉಪ್ಪುಂದದವರು, ಎಲ್ಲರೂ ಕತ್ತಲೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ಒಟ್ಟಿಗೆ ಎದ್ದು ಬರುತ್ತಿದ್ದೆವು. ಬಡಗು ದಿಕ್ಕಿನ ನಮಗೆಲ್ಲ ಸಿನಿಮಾ ಎಂದರೆ ಅಷ್ಟೇ.

ಉಳಿದದ್ದನ್ನು ಬಸ್ಸಿನಲ್ಲಿ ಮುಗಿಸುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕುಳಿತು, ಅವನು ಹೀಗೆ ಮಾಡಿರುತ್ತಾನೆ, ಇವಳು ಹಾಗೆ ಹೇಳಿರುತ್ತಾಳೆ ಎಂದು ವಾದ ಮಾಡಿ, ಹೆಮ್ಮಾಡಿ ದಾಟುವಷ್ಟರಲ್ಲಿ ಒಂದು ಕ್ಲೈಮ್ಯಾಕ್ಸು ಗಟ್ಟಿ ಮಾಡುತ್ತಿದ್ದೆವು. ವಾದ ಜಗಳಕ್ಕೆ ತಿರುಗಿದರೆ ಕಂಡಕ್ಟರ್ ಕುಷ್ಟನದೇ ಅಂತಿಮ ತೀರ್ಪು. ಕುಷ್ಟ ಮೃದು ಮನಸ್ಸಿನವನು, ಸಾವು ನೋವು ಅವನಿಗೆ ಆಗುತ್ತಿರಲಿಲ್ಲ. ಅವನ ಬಸ್ಸಿನಲ್ಲಿ ಒಬ್ಬ ನಾಯಕನೂ ಸತ್ತಿಲ್ಲ, ಒಬ್ಬ ತಾಯಿಯೂ ಅತ್ತಿಲ್ಲ. ಎಂಥ ಕೊಚ್ಚಿ ಹಾಕುವ ಸಿನಿಮಾವೇ ಇರಲಿ, ಮರವಂತೆ ಕಡಲು ಕಾಣುವಾಗ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು.

ಕಚೇರಿಯಲ್ಲಿ ಈ ತೂತು ಯಾರಿಗೂ ಕಾಣಲಿಲ್ಲ. ಕೊನೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಅದನ್ನು ಹೇಳಿದರೆ ನಿಮಗೆ ನೋಡುವ ಮಜಾ ಉಳಿಯುವುದಿಲ್ಲ ಎಂದು ಗಂಭೀರವಾಗಿ ಕೈ ಎತ್ತಿಬಿಡುತ್ತಿದ್ದೆ. ಅದನ್ನೇ ಅವರು ದೊಡ್ಡಗುಣ ಎಂದು ಹೊಗಳುತ್ತಿದ್ದರು! ಮನೆಯಲ್ಲಿ ಮಾತ್ರ ಹೆಂಡತಿ ರಮಿತಾಳಿಗೆ ಬಸ್ಸಿನ ಕ್ಲೈಮ್ಯಾಕ್ಸು ಸಮೇತ ಇಡೀ ಕತೆ ಹೇಳುತ್ತಿದ್ದೆ. ಅವಳು ಗಂಜಿ ಬಡಿಸುತ್ತ ಕೇಳುತ್ತಿದ್ದಳು. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದುಂಟು. ಇಡೀ ಕತೆ ಹೇಳಿದೆನಲ್ಲ, ಇನ್ನು ಅಲ್ಲಿಗೆ ಹೋಗಿ ನೋಡಲಿಕ್ಕೆ ಏನಿದೆ ಎಂದು ನಾನು ನಕ್ಕಿದ್ದೆ. ಆಮೇಲೆ ಅವಳು ಕೇಳಲಿಲ್ಲ.

ಚಂದನಾ ಅಪ್ಪ ಅಮ್ಮ ಇಲ್ಲದ ಹುಡುಗಿ, ನಮ್ಮ ಮನೆಯಲ್ಲೇ ಬೆಳೆದವಳು. ಗಂಗೊಳ್ಳಿಯ ದರ್ಶನ್‌ಗೆ ಅವಳನ್ನು ಕೇಳಿದಾಗ ಎರಡೂ ಕಡೆ ಮಾತಾಡಿದವನು ನಾನೇ. ಹುಡುಗನಿಗೆ ಸ್ವಂತ ದೋಣಿ ಇದೆ, ಕುಡಿತ ಇಲ್ಲ ಎಂದು ನಮ್ಮವರಿಗೆ ಹೇಳಿದೆ. ಹುಡುಗಿ ಬಂಗಾರ ಎಂದು ಅವನ ತಾಯಿ ಅಮ್ಮಣಿಯವರಿಗೆ ಹೇಳಿದೆ. ಅಮ್ಮಣಿ ಹೆಚ್ಚು ಮಾತಿನವರಲ್ಲ. ಅವರ ಗಂಡ ದೋಣಿಯೊಟ್ಟಿಗೆ, ಹೊಳೆ ಕಡಲು ಸೇರುವ ಅಳಿವೆಬಾಯಿಯಲ್ಲಿ ಮುಳುಗಿ ಹೋದವರು. ಮಗನನ್ನು ಕಡಲಿಗೆ ಕಳಿಸುವಾಗ ಇವತ್ತಿಗೂ ಅವರು ದಡದಿಂದ ಕದಲುವುದಿಲ್ಲ ಎಂದು ಗಂಗೊಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ನೀವು ಹೇಳಿದ್ದೀರಿ ಎಂದ ಮೇಲೆ ನಾನು ಬೇರೆ ಯಾರನ್ನೂ ಕೇಳುವುದಿಲ್ಲ ಎಂದು ಅವರು ಅಂದಾಗ ನನ್ನ ಅಂಗಿಯ ಗುಂಡಿ ಹಾರಿ ಹೋಗುವುದೊಂದು ಬಾಕಿ.

ಆಸಾಡಿ ತಿಂಗಳು ಕಳೆದಿತ್ತು. ಮಳೆಗಾಲಕ್ಕೆ ದಡ ಹತ್ತಿದ ದೋಣಿಗಳು ಇನ್ನೂ ನೀರಿಗೆ ಇಳಿದಿರಲಿಲ್ಲ. ನಿಶ್ಚಯಕ್ಕೆ ಸೀರೆ ತೆಗೆಯಲು ಒಂದು ಭಾನುವಾರ ಎರಡೂ ಕಡೆಯವರು ಕುಂದಾಪುರದಲ್ಲಿ ಸೇರಿದೆವು. ಸೀರೆ ಆಯಿತು, ಊಟ ಆಯಿತು. ಮಧ್ಯಾಹ್ನದ ಆಟಕ್ಕೆ ಹೋಗುವುದೆಂದು ಮೊದಲೇ ಮಾತಾಗಿತ್ತು. ನಾನು ಆರಿಸಿದ್ದು ಕಡಲಿನ ಸಿನಿಮಾ. ಇಬ್ಬರು ಅಣ್ಣತಮ್ಮಂದಿರು, ಒಬ್ಬ ವಿಧವೆ ತಾಯಿ, ಒಂದು ದೋಣಿ. ರಮಿತಾ ಟಾಕೀಸಿನ ಬಾಗಿಲಲ್ಲೇ ನನ್ನನ್ನು ತಡೆದಳು.

"ಹ್ವಾಯ್, ಅಮ್ಮಣಿಯಮ್ಮಂಗೆ ಕಡ್ಲ್ ಸಿನಿಮಾ ತೋರ್ಸುದಾ? ಬೇರೆ ಎಂತದೂ ಇಲ್ಯಾ?"

ಅದಕ್ಕೇ ತೋರಿಸುವುದು ಎಂದೆ. ಇಬ್ಬರು ಮಕ್ಕಳೂ ತುಫಾನು ಗೆದ್ದು ದೋಣಿ ತುಂಬ ಮೀನು ತರುತ್ತಾರೆ, ತಾಯಿ ದಡದಲ್ಲಿ ಆರತಿ ಎತ್ತುತ್ತಾಳೆ, ಅದನ್ನು ನೋಡಿದರೆ ಅವರ ಮನಸ್ಸಿನ ಭಾರ ಇಳಿಯುತ್ತದೆ ಎಂದು ವೈದ್ಯರ ಹಾಗೆ ವಿವರಿಸಿದೆ. ಅಷ್ಟು ಖಾತ್ರಿ ನನಗೆ ಎಲ್ಲಿಂದ ಬಂತು? ಆ ಸಿನಿಮಾ ನೋಡಿ ಬರುವಾಗ ಬಸ್ಸಿನಲ್ಲಿ ತಮ್ಮ ಸಾಯುತ್ತಾನೆ ಎಂದು ಒಬ್ಬ ವಾದಿಸಿದ್ದ. ಕುಷ್ಟ ಅವನನ್ನು ಫುಟ್‌ಬೋರ್ಡಿಗೆ ಕಳಿಸಿ, ಮೀನು, ಆರತಿ ಎಲ್ಲ ಮಂಜೂರು ಮಾಡಿದ್ದ. ಆ ಕತೆಯನ್ನು ಬಸ್ಸಿನ ಜನಕ್ಕೆ ಹೇಳಿ ಹೇಳಿ ನನಗೆ ಆ ಆರತಿ ಕಣ್ಣಲ್ಲಿ ಕಂಡ ಹಾಗೇ ಆಗಿಬಿಟ್ಟಿತ್ತು. ತಟ್ಟೆ ಹಿತ್ತಾಳೆಯದು ಎಂಬುದೂ ನೆನಪಿತ್ತು!

ಟಾಕೀಸಿನಲ್ಲಿ ಅಮ್ಮಣಿಯವರ ಪಕ್ಕದಲ್ಲೇ ನಾನು ಕುಳಿತೆ. ಅವರ ಮಡಿಲಲ್ಲಿ ನಿಶ್ಚಯದ ಸೀರೆಯ ಕಟ್ಟು. ಆಚೆ ರಮಿತಾ, ಚಂದನಾ, ತುದಿಯಲ್ಲಿ ದರ್ಶನ್. ಸಿನಿಮಾ ಶುರುವಾದದ್ದೇ ನನ್ನ ಬಾಯಿಯೂ ಶುರುವಾಯಿತು. ಈಗ ತಮ್ಮ ಬಲೆ ಕಡಿಯುತ್ತಾನೆ ಎಂದೆ, ಕಡಿದ. ಈಗ ಸಾಹುಕಾರ ಬರುತ್ತಾನೆ ಎಂದೆ, ಬಂದ. ಅಮ್ಮಣಿ ಮೆಚ್ಚಿ ತಲೆಯಾಡಿಸಿದರು. ಮುಂದಿನ ಸೀಟಿನವನು ತಿರುಗಿ ನೋಡಿದ್ದನ್ನು ಮೆಚ್ಚುಗೆ ಎಂದೇ ಜಮೆ ಮಾಡಿಕೊಂಡೆ.

ಮಕ್ಕಳು ತುಫಾನಿಗೆ ದೋಣಿ ಇಳಿಸಿದರು. ತಾಯಿ ದಡದಲ್ಲಿ ನಿಂತಳು. ಪ್ರತಿ ಸಲ ನಾನು ಚಪ್ಪಲಿ ಹುಡುಕಿ ಏಳುವ ಜಾಗ ಅದು. ಅಮ್ಮಣಿಯವರ ಉಸಿರು ಜೋರಾದದ್ದು ನನಗೆ ಕೇಳಿಸಿತು. ನಾನು ಬಗ್ಗಿ ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ.

"ಹೆದ್ರೂದ್ ಬ್ಯಾಡ ಅಮ್ಮ. ಇಬ್ರೂ ಬತ್ರ್. ನಾ ಕಂಡಿದೆ."

ಅಲೆ ಎದ್ದಿತು. ದೋಣಿ ಮಗುಚಿತು. ಅಣ್ಣ ಹೋದ. ಇರಲಿ, ತಮ್ಮ ಅವನನ್ನು ಎಳೆದು ತರುತ್ತಾನೆ ಎಂದು ಕುರ್ಚಿಯ ಕೈ ಹಿಡಿದು ಕಾದೆ. ತಮ್ಮನೂ ಹೋದ! ಬರಿದಾದ ದೋಣಿ ಬೆಳಗಾದ ಮೇಲೆ ದಡಕ್ಕೆ ಬಂತು. ಆರತಿ ಇಲ್ಲ, ಮೀನಿಲ್ಲ. ತಾಯಿ ಆ ದೋಣಿಯನ್ನು ಮುಟ್ಟಿ ಮುಟ್ಟಿ ಅಳುವುದನ್ನು ಆ ನಿರ್ದೇಶಕ ಮಹಾಶಯ ನಿಲ್ಲಿಸಲೇ ಇಲ್ಲ. ನನ್ನ ಜೀವಮಾನದಲ್ಲಿ ನಾನು ನೋಡಿದ ಮೊದಲ ಕ್ಲೈಮ್ಯಾಕ್ಸು ಅದು. ಇಷ್ಟು ವರ್ಷ ನನ್ನನ್ನು ಕಾಪಾಡಿದ ಆ ಬಸ್ಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕೂಡಲೇ ಅದಕ್ಕೂ, ಕುಷ್ಟನಿಗೂ, ಅವನ ಮೃದು ಮನಸ್ಸಿಗೂ ಬಾಯಿಗೆ ಬಂದ ಹಾಗೆ ಬೈದೆ.

ದೀಪ ಹತ್ತುವ ಮೊದಲೇ ಅಮ್ಮಣಿ ಎದ್ದು ಹೊರಗೆ ಹೋಗಿದ್ದರು. ಚಂದನಾ ಅವರ ಹಿಂದೆಯೇ ಓಡಿದ್ದಳು. ನಾನು ಬಂದು ನೋಡುವಾಗ ಟಾಕೀಸಿನ ಜಗಲಿಯ ಮೆಟ್ಟಿಲಲ್ಲಿ ಇಬ್ಬರೂ ಕುಳಿತಿದ್ದರು. ಅಮ್ಮಣಿ ಸೆರಗಿನಿಂದ ಮುಖ ಒರೆಸಿ ನನ್ನನ್ನು ನೋಡಿದರು.

"ನೀವ್ ಇದ್ನ ಕಂಡದ್ ಹೌದಾ?"

ಆ ಕ್ಷಣದಲ್ಲಿ ನನ್ನ ಅವಸ್ಥೆ ಯಾರಿಗೂ ಬೇಡ. ಹೌದು, ಕಂಡಿದ್ದೇನೆ ಎಂದರೆ ಗಂಡನನ್ನು ಕಡಲಿಗೆ ಕೊಟ್ಟ ಹೆಂಗಸಿಗೆ, ಮಗ ದೋಣಿ ಇಳಿಸುವ ವಾರದಲ್ಲಿ, ಬೇಕೆಂದೇ ಇದನ್ನು ತೋರಿಸಿದ ಪಾಪಿ ನಾನು. ಇಲ್ಲ, ಕಂಡಿಲ್ಲ ಎಂದರೆ ಕಾಣದ್ದನ್ನು ಕಂಡೆ ಎಂದು ಹೇಳಿಕೊಂಡು ತಿರುಗುವ ಸುಳ್ಳ. ಪಾಪಿಗಿಂತ ಸುಳ್ಳ ವಾಸಿ ಎಂದು ಲೆಕ್ಕ ಹಾಕಿ, ಕೊನೆಯ ಭಾಗ ಮಾತ್ರ ನೋಡಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂದೆ. ನಗು ಬರಲಿ ಎಂದು ಸ್ವಲ್ಪ ನಕ್ಕೆ ಕೂಡ. ಯಾರೂ ನಗಲಿಲ್ಲ.

ಅಮ್ಮಣಿ ದನಿ ಎತ್ತಲಿಲ್ಲ. "ಹಾಂಗಾರೆ ಹುಡ್ಗಿ ವಿಷ್ಯ ಹೇಳದ್ದೂ ಹೀಂಗೇ, ಅರ್ಧ ಕಂಡ್ಕಂಡಾ?" ಎಂದು ಕೇಳಿದರು.

ಉತ್ತರಕ್ಕೆ ಕಾಯದೆ ಮಗನನ್ನು ಕರೆದುಕೊಂಡು ಗಂಗೊಳ್ಳಿ ಬಸ್ಸು ಹತ್ತಿದರು. ನಿಶ್ಚಯದ ಸೀರೆಯನ್ನು ಅಂದು ಚಂದನಾಳ ಕೈಗೆ ಕೊಡುವ ಮಾತಿತ್ತು. ಅದು ಅವರ ಜೊತೆಗೇ ಹೋಯಿತು.

ಬಿಜೂರಿಗೆ ಬರುವವರೆಗೆ ನಮ್ಮ ಬಸ್ಸಿನಲ್ಲಿ ಚಂದನಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವಳ ಬಾಳು ಹಾಳಾದರೆ ಅದು ನನ್ನ ಬಾಯಿಯಿಂದ ಎಂದು ನನಗೆ ಗೊತ್ತಿತ್ತು. ಸಮಾಧಾನ ಹೇಳಲು ಬಾಯಿ ತೆರೆದೆ. ರಮಿತಾ ಒಮ್ಮೆ ನೋಡಿದಳು, ಮುಚ್ಚಿದೆ.

ಗಂಗೊಳ್ಳಿಯಿಂದ ಫೋನು ಬರಲು ವಾರ ಹಿಡಿಯಿತು. ಆ ವಾರ ನಮ್ಮ ಮನೆಯಲ್ಲಿ ಮೀನು ಸುಟ್ಟದ್ದೂ ಇಲ್ಲ, ಯಾರೂ ಸರಿಯಾಗಿ ಉಂಡದ್ದೂ ಇಲ್ಲ. ಫೋನಿನಲ್ಲಿ ದರ್ಶನ್. ನಾನು ಉತ್ಸಾಹದಿಂದ ಮಾತಿಗೆ ಶುರು ಮಾಡುವಷ್ಟರಲ್ಲಿ ಹುಡುಗ ಸಂಕೋಚದಿಂದ ತಡೆದ.

"ಭಾವ, ಅಕ್ಕನ್ನ ಒಬ್ರನ್ನೇ ಕಳ್ಸುಕ್ ಹೇಳ್ರ್ ಅಮ್ಮ. ನೀವ್ ಬಪ್ಪುದ್ ಬ್ಯಾಡ ಅಂಬ್ರ್."

ಮರುದಿನ ಬೆಳಿಗ್ಗೆ ರಮಿತಾ ಒಬ್ಬಳೇ ಹೋದಳು. ನಾನು ಕಚೇರಿಗೆ ರಜೆ ಹಾಕಿ ಜಗಲಿಯಲ್ಲಿ ಕುಳಿತೆ. ಕುಳಿತಲ್ಲಿ ನಾನೇ ಹತ್ತಾರು ಬಗೆಯಲ್ಲಿ ಆ ಮಾತುಕತೆ ಮುಗಿಸಿ ನೋಡಿದೆ. ಒಂದರಲ್ಲೂ ನೆಮ್ಮದಿ ಸಿಗಲಿಲ್ಲ. ಬಿಸಿಲು ಇಳಿಯುವಾಗ ಅವಳು ಬಂದಳು, ಕಾಲು ತೊಳೆದಳು, ನೀರು ಕುಡಿದಳು. ಅಮ್ಮಣಿಯವರ ಮನೆಯ ಬಂಗುಡೆ ಸಾರು ಎಷ್ಟು ಲಾಯ್ಕಿತ್ತು, ಹಿತ್ತಲಲ್ಲಿ ಮಲ್ಲಿಗೆ ಹೇಗೆ ಹಬ್ಬಿದೆ ಎಂದೆಲ್ಲ ತಂಗಿಗೆ ನಿಧಾನವಾಗಿ ಹೇಳಿದಳು. ನನಗೆ ತಡೆಯಲಿಲ್ಲ. ಕಡೆಗೆ ಏನಾಯಿತು, ಅದನ್ನು ಮೊದಲು ಹೇಳು ಎಂದೆ.

"ಕಡೀಗ್ ಎಂತ ಆಯ್ತ್ ಕೇಂಬುಕೆ ಇಷ್ಟ್ ಆಸಿ ಇತ್ತಾ ನಿಮ್ಗ್?" ಎಂದಳು.

ಆಮೇಲೆ ಚೀಲದಿಂದ ಸೀರೆಯ ಕಟ್ಟು ತೆಗೆದು ಚಂದನಾಳ ಮಡಿಲಿಗೆ ಹಾಕಿದಳು. ಚಂದನಾ ಅದನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಆ ದಿನ ಟಾಕೀಸಿನ ಮೆಟ್ಟಿಲಲ್ಲಿ ಈ ಹುಡುಗಿ ಸಮಾಧಾನದ ಒಂದು ಮಾತೂ ಆಡದೆ ಕೈ ಹಿಡಿದು ಕುಳಿತಿದ್ದಳಂತೆ. ಅಷ್ಟು ಸಾಕು ನನಗೆ, ಇನ್ನು ಯಾರೂ ಏನೂ ಹೇಳುವುದು ಬೇಡ ಎಂದರಂತೆ ಅಮ್ಮಣಿ. ಮದುವೆಯ ಮಾತುಕತೆ ಇನ್ನು ಮುಂದೆ ರಮಿತಾಳ ಹತ್ತಿರವೇ. ನಾನು ಬೇಕಾದರೆ ಊಟಕ್ಕೆ ಬರಬಹುದಂತೆ.

ಗಂಡಾಂತರ ಕಳೆಯಿತಲ್ಲ ಎಂದು ಉಸಿರು ಬಿಟ್ಟೆ. ಚಂದನಾ ಸೀರೆ ಹಿಡಿದುಕೊಂಡು ಒಳಗೆ ಹೋದಳು. ರಮಿತಾ ಮಾತ್ರ ಕಂಬಕ್ಕೆ ಒರಗಿ ಅಲ್ಲೇ ಕುಳಿತಿದ್ದಳು. ನಾವು ಮದುವೆಯಾದ ವರ್ಷ ಬಂದಿದ್ದ ಒಂದು ಸಿನಿಮಾದ ಸುದ್ದಿ ತೆಗೆದಳು. ಗಂಡ ಮಾತು ಕೇಳುವುದಿಲ್ಲ ಎಂದು ಹೆಂಡತಿ ಮನೆ ಬಿಟ್ಟು ಹೋಗುವ ಕತೆ ಅದು. ನನಗೆ ಸರಿಯಾಗಿ ನೆನಪೂ ಇರಲಿಲ್ಲ.

"ಅವ್ಳ್ ಕಡೀಗ್ ವಾಪಾಸ್ ಬಂದ್ಲ್ ಅಂದಿದ್ರಿ ಅಲ್ದಾ? ಅದ್ನ ನೀವ್ ಕಂಡದ್ದಾ?"

"ಇಲ್ಲ," ಎಂದೆ. "ಬಸ್ಸಂಗೆ ಎಲ್ರೂ ಹಾಂಗ್ ಹೇಳ್ರ್."

ಅವಳು ಎದ್ದು ಸೆರಗು ಕೊಡವಿ, "ಬಂದಿಪ್ಪುಕಿಲ್ಲ," ಎಂದು ಒಳಗೆ ಹೋದಳು.