ಅನುರಾಧಪುರದಲ್ಲಿ ತಲೆ ತಗ್ಗಿಸಿದ್ದು

ಎಸ್ಟೇಟಿನ ಗೇಟು ದಾಟಿ ಹೊರಗೆ ಹೋದವನು ಮಾನ ಕಳೆದುಕೊಳ್ಳದೆ ವಾಪಸು ಬಂದದ್ದು ನನ್ನ ಜೀವನದಲ್ಲಿ ಕಡಿಮೆ. ಮೂಡಿಗೆರೆ ಹತ್ತಿರ, ಕೊಟ್ಟಿಗೆಹಾರದ ಕಾಫಿ ತೋಟವೊಂದರಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದೆ. ಹಾಜರಿ ಕರೆಯುವುದು, ಆಳುಗಳಿಗೆ ಕೆಲಸ ಹಂಚುವುದು, ಆದ ಕೆಲಸದಲ್ಲಿ ತಪ್ಪು ಹುಡುಕುವುದು, ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ತೋಟದೊಳಗೆ ಇದಕ್ಕೆ ಸಂಬಳ ಕೊಡುತ್ತಿದ್ದರು. ಹೊರಗೆ ಕೊಡುವುದು ಬೇರೆ.

ರಿಟೈರ್ ಆದ ಮೇಲೆ ಹೆಂಡತಿಯ ಒತ್ತಾಯಕ್ಕೆ ಶ್ರೀಲಂಕಾದ ಅನುರಾಧಪುರಕ್ಕೆ ಹೋದೆವು. ಬೌದ್ಧರಿಗೆ ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಪುಣ್ಯನಗರ. ಜೊತೆಗೆ ಬಂದವರು ಕಳಸದ ಅಡಿಕೆ ವ್ಯಾಪಾರಿಯೊಬ್ಬರು, ನನ್ನ ಹಳೆಯ ಸ್ನೇಹಿತರು. ಊರು ತೋರಿಸಿದವನು ಇಂಗ್ಲಿಷ್ ಬಲ್ಲ ಒಬ್ಬ ಗೈಡ್, ಬಹಳ ಸಾಧು. ಅವನು ಸಾಧುವಾಗಿದ್ದಕ್ಕೆ ನಾನು ಇನ್ನೂ ಬದುಕಿದ್ದೇನೆ.

ಮರಗಸಿ

ಮೊದಲ ದಿನ ಸಂಜೆ ಬೋಧಿವೃಕ್ಷದ ದರ್ಶನ. ಬುದ್ಧನಿಗೆ ಜ್ಞಾನೋದಯವಾದ ಮರದ ಕೊಂಬೆಯನ್ನೇ ತಂದು ಅಲ್ಲಿ ನೆಟ್ಟದ್ದಂತೆ. ಎತ್ತರದ ಕಟ್ಟೆಯ ಮೇಲೆ ಮರ, ಬಾಗಿದ ಕೊಂಬೆಗಳಿಗೆ ಚಿನ್ನದ ಬಣ್ಣದ ಊರುಗೋಲುಗಳು. ಕೆಳಗೆ ಮರಳಿನ ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟ ನೂರಾರು ಜನ ಕಣ್ಣು ಮುಚ್ಚಿ ಕೂತಿದ್ದರು.

ನನಗೆ ಕಂಡದ್ದು ಕೊಂಬೆ ಮಾತ್ರ. ಕಾಫಿಗೆ ಬಿಸಿಲು ಬೀಳಲಿ ಅಂತ ನೆರಳುಮರದ ಕೊಂಬೆ ಕಡಿಸುವುದಕ್ಕೆ ನಮ್ಮಲ್ಲಿ ಮರಗಸಿ ಅನ್ನುತ್ತಾರೆ. ಪ್ರತಿ ವರ್ಷ ಮಾಡಿಸಿದ ಕೆಲಸ. ಬಾಯಿ ಸುಮ್ಮನಿರಲಿಲ್ಲ.

"ಆ ಎಡಗಡೆ ಕೊಂಬೆ ಇಳಿಸಿಬಿಟ್ಟರೆ ಮರ ಹಗುರ ಆಗುತ್ತೆ, ಊರುಗೋಲೇ ಬೇಡ," ಅಂತ ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ನಮ್ಮಲ್ಲಾದರೆ ಇಬ್ಬರು ಆಳು, ಅರ್ಧ ದಿನದ ಕೆಲಸ."

ಗೈಡ್ ಕೈ ಮುಗಿದ. "ಸರ್, ಸ್ವಲ್ಪ ಮೆಲ್ಲಗೆ. ಇಲ್ಲಿ ಕೂತವರಿಗೂ ಇಂಗ್ಲಿಷ್ ಬರುತ್ತೆ."

ನೋಡಿದರೆ ಮುಂದಿನ ಎರಡು ಸಾಲು ಕಣ್ಣು ತೆರೆದಿತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹೆಂಡತಿ ದೂರದ ಬಿಳಿ ಸ್ತೂಪ ತೋರಿಸಿ ಕೇಳಿದಳು: "ಉಳಿದ ಅರ್ಧ ದಿನ ಆಳುಗಳಿಗೆ ಏನು ಕೆಲಸ, ಆ ಸ್ತೂಪಕ್ಕೆ ಸುಣ್ಣ ಬಳಿಯೋದಾ?"

ಬೆನ್ನು

ಮಾರನೇ ದಿನ ಒಂದು ವಿಹಾರಕ್ಕೆ ಹೋದೆವು. ಒಳಗೆ ಆಳೆತ್ತರದ ಬುದ್ಧ. ಕಳಸದವರು ಮೊಬೈಲ್ ತೆಗೆದು ನನ್ನನ್ನು ಮುಂದೆ ನಿಲ್ಲಿಸಿದರು. "ಒಂಚೂರು ಬಲಕ್ಕೆ ಬನ್ನಿ ಮಾರಾಯ್ರೆ, ನಿಮ್ಮ ತಲೆ ಬುದ್ಧನಿಗೆ ಅಡ್ಡ ಬರ್ತಾ ಉಂಟು."

ಅಷ್ಟರಲ್ಲಿ ಹೂ ಹಿಡಿದ ಹೆಂಗಸೊಬ್ಬರು ಬಂದು ನನ್ನ ಭುಜ ಹಿಡಿದು ಮೆತ್ತಗೆ ಬುದ್ಧನ ಕಡೆ ತಿರುಗಿಸಿದರು. ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಇಲ್ಲಿ ದೊಡ್ಡ ಅವಮರ್ಯಾದೆ ಅಂತ ಗೈಡ್ ವಿವರಿಸಿದ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಇನ್ನು ಬೆನ್ನು ತೋರಿಸುವುದೇ ಬೇಡ ಅಂತ ತೀರ್ಮಾನಿಸಿ, ಕೈ ಮುಗಿದುಕೊಂಡು ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಜನ ದಾರಿ ಬಿಟ್ಟರು. ಒಳ್ಳೆಯ ಭಕ್ತ ಅಂದುಕೊಂಡಿರಬೇಕು ಅಂತ ಸ್ವಲ್ಪ ಸಮಾಧಾನವೂ ಆಯಿತು. ಆ ಉದ್ದದ ಹಜಾರ ಪೂರ್ತಿ ಹಾಗೇ ನಡೆದೆ. ಕೊನೆಗೆ ಬೆನ್ನಿಗೆ ತಣ್ಣಗೆ ಕಲ್ಲು ತಾಗಿತು.

ಗೈಡ್ ಓಡಿಬಂದ. "ಸರ್, ಈ ಕಡೆಯೂ ಒಬ್ಬ ಬುದ್ಧ ಇದ್ದಾನೆ. ನೀವು ಒರಗಿಕೊಂಡಿದ್ದೀರಿ."

ಕಾಫಿ

ಅವತ್ತು ಹುಣ್ಣಿಮೆ. ದಾರಿಯುದ್ದಕ್ಕೂ ಚಪ್ಪರ ಹಾಕಿ ಜನರಿಗೆ ಕುಡಿಯಲು ಕೊಡುತ್ತಿದ್ದರು. ಬಿಸಿಲಿಗೆ ಸುಸ್ತಾಗಿ ಒಂದು ಚಪ್ಪರದ ಬೆಂಚಿನಲ್ಲಿ ಕೂತೆವು. ವಯಸ್ಸಾದವರೊಬ್ಬರು ತಟ್ಟೆಯಲ್ಲಿ ಲೋಟಗಳನ್ನಿಟ್ಟು ತಂದರು. ಕಪ್ಪಗೆ, ಬಿಸಿಬಿಸಿ. ಒಂದು ಗುಟುಕು ಕುಡಿದು ಮುಖ ಕಿವುಚಿ ಅವರನ್ನು ಹತ್ತಿರ ಕರೆದೆ.

"ನಾನು ಕಾಫಿ ಸೀಮೆಯವನು. ಇದು ಸರಿ ಇಲ್ಲ. ಬೀಜ ಹುರಿದದ್ದು ಜಾಸ್ತಿಯಾಗಿದೆ, ಚಿಕೋರಿಯೂ ಹೆಚ್ಚು. ಬೇರೆ ಮಾಡಿ ತನ್ನಿ."

ಅವರು ಅರ್ಥವಾಗದೆ ಗೈಡನ್ನು ನೋಡಿದರು. ಅವನು ಏನೋ ಹೇಳಿದ. ಮುದುಕರ ಮುಖ ಬಾಡಿತು. ಒಳಗೆ ಹೋಗಿ ಅಲ್ಲಿದ್ದ ಹೆಂಗಸರಿಗೆ ಹೇಳಿದರು. ಆಮೇಲೆ ಗೈಡ್ ನನ್ನ ಕಿವಿಯಲ್ಲಿ ಅಂದ: "ಸರ್, ಇದು ಹೋಟೆಲ್ ಅಲ್ಲ. ಅವರು ರಿಟೈರ್ ಆದ ಹೆಡ್‌ಮಾಸ್ಟರು. ಊರವರು ಸೇರಿ ಯಾತ್ರಿಕರಿಗೆ ದಾನ ಮಾಡ್ತಿದ್ದಾರೆ."

ಎದ್ದು ಹೋಗಿ ಗೈಡಿನ ಮೂಲಕ ಕ್ಷಮೆ ಕೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ತಪ್ಪು ನಮ್ಮದೇ, ಮುಂದಿನ ಪಾತ್ರೆಗೆ ಕೊತ್ತಂಬರಿ ಬೀಜ, ಶುಂಠಿ ಕಡಿಮೆ ಹಾಕಲು ಹೇಳಿದ್ದೇನೆ ಅಂದರು. ಇವತ್ತಿಗೂ ಅದು ನೆನಪಾದರೆ ಊಟ ಸೇರುವುದಿಲ್ಲ.

ಕಳಸದವರು ತಮ್ಮ ಲೋಟ ಖಾಲಿ ಮಾಡಿ ಕೆಳಗಿಟ್ಟರು. "ಇಪ್ಪತ್ತೆಂಟು ವರ್ಷ ಕಾಫಿ ತೋಟದಲ್ಲಿದ್ದು ಕಷಾಯ ಯಾವುದು ಅಂತ ಗೊತ್ತಾಗ್ಲಿಲ್ಲ. ನಿಮ್ಮ ಧಣಿಗಳ ಕಿವಿಗೆ ಬೀಳದೇ ಇರ್ಲಿ ಮಾರಾಯ್ರೆ."

ಎಲೆ

ಹೊರಡುವ ದಿನ ಬೆಳಿಗ್ಗೆ ಹೆಂಡತಿ ಇನ್ನೊಮ್ಮೆ ಬೋಧಿವೃಕ್ಷ ನೋಡಬೇಕು ಅಂದಳು. ಈ ಸಲ ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟು ಹೋದೆ. ಆ ಮರದ ಎಲೆಯನ್ನು ಯಾರೂ ಕೀಳುವಂತಿಲ್ಲ. ತಾನಾಗಿ ಉದುರಿದ ಎಲೆ ಸಿಕ್ಕರೆ ಮಹಾಭಾಗ್ಯ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಸೆರಗು ಹಾಸಿ ಕೂತಿದ್ದರು. ಅವರ ಮಗಳಿಗೆ ಅವತ್ತು ಆಪರೇಷನ್ ಇದೆಯಂತೆ, ಒಂದು ಎಲೆಗಾಗಿ ನಸುಕಿನಿಂದ ಕಾಯುತ್ತಿದ್ದಾರೆ ಅಂತ ಗೈಡ್ ಹೇಳಿದ. ನಾನೂ ಅವರಿಗಾಗಿ ಕಣ್ಣು ಮುಚ್ಚಿ ಬೇಡಿಕೊಂಡೆ.

ಆಗ ನನ್ನ ಕುತ್ತಿಗೆಯ ಹಿಂದೆ ಏನೋ ತಣ್ಣಗೆ ಬಿತ್ತು.

ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಹಾರದ ತೋಟದಲ್ಲಿ ಕುತ್ತಿಗೆಗೆ ತಣ್ಣಗೆ ಬಿತ್ತೆಂದರೆ ಅದು ಇಂಬಳ, ರಕ್ತ ಹೀರುವ ಜಿಗಣೆ. ಯೋಚನೆ ಮಾಡುವ ಮೊದಲೇ ಕೈ ಹೋಯಿತು. ಪಟ್ಟೆಂದು ಹೊಡೆದೆ, ಎರಡು ಬೆರಳಲ್ಲಿ ಚೆನ್ನಾಗಿ ಹೊಸಕಿದೆ, ಉಂಡೆ ಮಾಡಿ ದೂರ ಎಸೆದೆ. ಕಣ್ಣು ತೆರೆದಾಗ ಅಂಗಳ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಮರಳಿನ ಮೇಲೆ ಮುದುಡಿಕೊಂಡು ಬಿದ್ದಿತ್ತು ಬೋಧಿಯ ಎಲೆ.

ಅಜ್ಜಿ ಎದ್ದು ಹೋಗಿ ಅದನ್ನು ಎತ್ತಿಕೊಂಡರು. ತೊಡೆಯ ಮೇಲಿಟ್ಟು ನಿಧಾನವಾಗಿ ಬಿಡಿಸಿ, ಕಣ್ಣಿಗೊತ್ತಿಕೊಂಡು ನನ್ನ ಕಡೆ ಚಾಚಿದರು. ನಿಮ್ಮ ಮೇಲೆ ಬಿದ್ದದ್ದು, ನಿಮ್ಮದು ಅಂತ. ಬೇಡ ತಾಯಿ, ನಿಮ್ಮ ಮಗಳಿಗೆ ಇಟ್ಟುಕೊಳ್ಳಿ ಅಂತ ಕಾಲಿಗೆ ಬಿದ್ದೆ. ಅವರು ಎಲೆಯನ್ನು ತಮ್ಮ ಪ್ರಾರ್ಥನೆಯ ಪುಸ್ತಕದೊಳಗಿಟ್ಟು ನನ್ನ ತಲೆ ಸವರಿದರು. ಆದರೆ ಪಾಪ, ಎಲೆಗೆ ಯಾಕೆ ಹೊಡೆದಿರಿ ಅಂತ ಕೇಳಿದರು.

ನಾನು ಗೈಡಿಗೆ ವಿಷಯ ಹೇಳಿದೆ. ಅವನು ಅಜ್ಜಿಗೆ ಹೇಳಿದ. ಅಜ್ಜಿ ಪಕ್ಕದವರಿಗೆ, ಪಕ್ಕದವರು ಹಿಂದಿನವರಿಗೆ. ಸಾಲಿನಿಂದ ಸಾಲಿಗೆ ಹೋಗುತ್ತಾ ಅದು ಏನಾಯಿತೋ, ಜನ ಒಬ್ಬೊಬ್ಬರಾಗಿ ಮೇಲೆ ನೋಡಿ ಕಾಲರ್ ಎಳೆದುಕೊಳ್ಳತೊಡಗಿದರು. ಕಾವಲಿನವನೊಬ್ಬ ನೋಟ್‌ಬುಕ್ ಹಿಡಿದು ಬಂದ.

"ಸರ್, ಜಿಗಣೆ ಬೀಳ್ತಾ ಇದೆಯಂತೆ. ಎಲ್ಲಿ?"

ಇನ್ನು ಸುಳ್ಳು ಹೇಳಿ ಪಾಪ ಕಟ್ಟಿಕೊಳ್ಳಬಾರದು ಅಂತ ತಲೆ ತಗ್ಗಿಸಿ ಹೇಳಿದೆ: "ಕೊಟ್ಟಿಗೆಹಾರದಲ್ಲಿ."

ಅವನು ಅಕ್ಷರ ಕೇಳಿ ಕೇಳಿ ಬರೆದುಕೊಂಡ. ಆಮೇಲೆ ಸುತ್ತ ನೋಡಿ ಕೇಳಿದ: "ಅದು ಯಾವ ಗೇಟಿನ ಹತ್ತಿರ ಬರುತ್ತೆ, ಸರ್?"