ಎಣ್ಣಿ ಗಾಡಿ ಬಂತು

ಎಪ್ಪತ್ತರ ದಶಕದಲ್ಲಿ ಸಿಂದಗಿ, ಇಂಡಿ ಕಡೆಯ ಹಳ್ಳಿಗಳಲ್ಲಿ ಬೆಳೆಗೆ ಕೀಟನಾಶಕ ಹೊಡೆಸುವುದು ನನ್ನ ಕೆಲಸವಾಗಿತ್ತು. ಟ್ರ್ಯಾಕ್ಟರಿನ ಬೆನ್ನಿಗೆ ಔಷಧ ತುಂಬುವ ಒಂದು ಟಾಕಿ, ಒಂದು ಪಂಪು, ಎರಡೂ ಕಡೆ ರೆಕ್ಕೆಯಂತೆ ಚಾಚಿದ ಕೊಳವೆ. ಜೊತೆಗೊಬ್ಬ ಡ್ರೈವರ್. ಈ ಗಾಡಿ ಒಂದೂರಿಗೆ ಹೋಗಿ, ನಗುವಂಥದ್ದೇನೂ ನಡೆಯದೆ ವಾಪಸು ಬಂದದ್ದು ನನಗೆ ನೆನಪಿಲ್ಲ.

ಚಿಮಣಿ ಎಣ್ಣಿ

ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣಿ ಅಂತಲೇ ಅನ್ನುತ್ತಾರೆ. ದೀಪಕ್ಕೆ ಹಾಕುವ ಚಿಮಣಿ ಎಣ್ಣಿಗೆ, ಅಂದರೆ ಸೀಮೆಎಣ್ಣೆಗೆ, ಆಗ ಬಹಳ ಬರ. ಯಂಕಂಚಿಯಲ್ಲಿ ಯಾರೋ "ಎಣ್ಣಿ ಗಾಡಿ ಬಂತು" ಅಂದದ್ದೇ ತಡ, ಹೆಂಗಸರು ಡಬ್ಬಿ, ಬಾಟಲಿ ಹಿಡಿದು ಟ್ರ್ಯಾಕ್ಟರಿನ ಹಿಂದೆ ಸಾಲಾಗಿ ಪಾಳಿ ಹಚ್ಚಿ ನಿಂತರು.

"ಇದು ಹುಳ ಕೊಲ್ಲೋ ಎಣ್ಣೀರಿ. ಭಾಳ ವಿಷ. ದೂರ ಸರೀರಿ" ಅಂದೆ. ಎಲ್ಲರೂ ಸರಿದರು. ಮುಂದಿದ್ದ ಅಜ್ಜಿ ಮಾತ್ರ ಕದಲಲಿಲ್ಲ.

"ನಾ ಏನ್ ಕುಡಿಯಾಕ ಕೇಳಾಕತ್ತೇನೇನೋ ತಮ್ಮಾ? ದೀಪ ಹತ್ತತೈತೋ ಇಲ್ಲೋ, ಅಷ್ಟ ಹೇಳು."

ಗೌಡರ ಬಾವಿ

ಔಷಧ ಬೆರೆಸುವ ಮುಂಚೆ ಬರೀ ನೀರು ಹೊಡೆದು ನೋಡುತ್ತಿದ್ದೆವು. ಕೊಳವೆ ಎಲ್ಲಿ ಸೋರುತ್ತದೆ, ಯಾವ ತೂತು ಕಟ್ಟಿಕೊಂಡಿದೆ ಅಂತ ಆಗಲೇ ಗೊತ್ತಾಗಬೇಕು. ಬಸವನ ಬಾಗೇವಾಡಿ ಹತ್ತಿರ ಒಬ್ಬ ಗೌಡರ ಹತ್ತಿ ಹೊಲದಲ್ಲಿ ಹಾಗೆ ನೀರು ಹೊಡೆಯುವಷ್ಟರಲ್ಲಿ ಜೋರು ಗಾಳಿ ಎದ್ದಿತು. ಗಾಳಿಯಲ್ಲಿ ಔಷಧ ಹೊಡೆದರೆ ಬೆಳೆಗಿಂತ ನಮ್ಮ ಮೈಗೇ ಹೆಚ್ಚು ಬೀಳುತ್ತದೆ. ಕೆಲಸ ನಿಲ್ಲಿಸಿ ಮರುದಿನ ಹೋದೆವು. ಗೌಡರು ಬದುವಿನ ಮೇಲೆ ನಗುತ್ತ ನಿಂತಿದ್ದರು.

"ಎಂಥಾ ಔಷಧರೀ ಸಾಹೇಬ್ರ! ಹುಳ ಅರ್ಧಕ್ಕರ್ಧ ಕಮ್ಮಿ ಆಗ್ಯಾವ."

"ಗೌಡ್ರ, ನಿನ್ನೆ ಹೊಡೆದದ್ದು ನಿಮ್ಮ ಬಾಂವಿ ನೀರು."

ಗೌಡರ ನಗು ನಿಂತಿತು. ಬಾವಿಯ ಕಡೆ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಅಂದರು: "ಅದನ್ನ ನಾವು ದಿನಾ ಕುಡಿಯಾಕತ್ತೇವಲ್ರಿ."

ಗಂಡು ನೋಡಲು ಬಂದವರು

ನಮ್ಮ ಡ್ರೈವರಿಗೆ ಹೆಣ್ಣು ಸಿಗುತ್ತಿರಲಿಲ್ಲ. ವಿಷದ ಕೆಲಸದವನಿಗೆ ಮಗಳನ್ನು ಹೇಗೆ ಕೊಡುವುದು ಅಂತ ಬಂದವರೆಲ್ಲ ಹಿಂದೆ ಸರಿಯುತ್ತಿದ್ದರು. ಮುದ್ದೇಬಿಹಾಳದ ಕಡೆಯ ಒಂದು ಹೊಲದಲ್ಲಿದ್ದಾಗ, ಹುಡುಗಿಯ ಅಪ್ಪ ಮತ್ತು ಅಜ್ಜಿ ಬಸ್ಸಿಳಿದು ನೇರ ಅಲ್ಲಿಗೇ ಬಂದುಬಿಟ್ಟರು. ಡ್ರೈವರ್ ತಲೆಗೆ ವಸ್ತ್ರ, ಕಣ್ಣಿಗೆ ದೊಡ್ಡ ಕನ್ನಡಕ, ಮೂಗು ಬಾಯಿಗೆ ಪಟ್ಟಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು ಕೂತಿದ್ದ.

"ಗಂಡು ತೋರಸ್ತೇವಂದು ಗಂಟು ಕಟ್ಟಿ ಕುಂದ್ರಿಸೀರಲ್ಲೋ" ಅಂದಳು ಅಜ್ಜಿ.

ಹತ್ತಿರ ಬರಬೇಡಿರೆಂದು ಡ್ರೈವರ್ ಕೈ ಬೀಸಿದ. ಪಂಪು ನಿಲ್ಲಿಸಿ ನೀರಿನ ಪೀಪಾಯಿಯ ಹತ್ತಿರ ಹೋದ. ಮೊದಲು ಕೈಗವಸು ತೊಳೆದು ತೆಗೆದ. ಆಮೇಲೆ ಮೊಣಕೈವರೆಗೆ ನೊರೆ ಬರುವಂತೆ ಸಬಕಾರ, ಮುಖಕ್ಕೆ ಸಬಕಾರ, ಮತ್ತೆ ಕೈಗೆ ಸಬಕಾರ. ಟ್ರ್ಯಾಕ್ಟರಿನ ಮರೆಗೆ ಹೋಗಿ ಬಟ್ಟೆ ಬದಲಿಸಿದ. ಹುಡುಗಿಯ ಅಪ್ಪ ಬಸ್ಸಿನ ದಾರಿ ನೋಡತೊಡಗಿದ್ದ. ಈ ಸಂಬಂಧವೂ ಕೈತಪ್ಪಿತು ಅಂದುಕೊಂಡೆ.

"ದಿನಾ ಹಿಂಗ ತೊಳಕೋತೀಯೇನೋ?" ಅಂತ ಅಜ್ಜಿ ಕೇಳಿದಳು.

"ಹೌದ್ರಿ ಅಜ್ಜಿ. ಇಲ್ಲಂದ್ರ ನೀರ ಸೈತ ಕುಡಿಯಂಗಿಲ್ರಿ."

ಅಜ್ಜಿ ಮಗನ ಕಡೆ ತಿರುಗಿದಳು. "ಕೈ ತೊಳಕೋ ಅಂತ ನಿನಗ ಹೇಳಿ ಹೇಳಿ ನಾ ಮುದುಕಿ ಆದೆ. ಹುಡುಗಿನ್ನ ಇವಗ ಕೊಟ್ಟಬಿಡು."

ಮದುವೆ ಆಯಿತು. ಕೆಲವು ತಿಂಗಳ ಮೇಲೆ ಅವರ ಮನೆಗೆ ಊಟಕ್ಕೆ ಹೋದೆ. ರೊಟ್ಟಿ ಬಡಿಸುತ್ತಿದ್ದ ಅವನ ಹೆಂಡತಿಗೆ, "ನಿಮ್ಮ ಯಜಮಾನ್ರು ಭಾಳ ಸ್ವಚ್ಛ ಮನುಷ್ಯಾ" ಅಂದೆ.

"ಹೊಲದಾಗ ಅಷ್ಟರೀ" ಅಂದಳು. "ಮನ್ಯಾಗ ಕೈ ತೊಳಕೊಂಡು ಉಣ್ರಿ ಅಂದ್ರ, 'ಇಲ್ಲೇನ್ ವಿಷ ಐತೇನು?' ಅಂತಾರ. ಒಂದಿನ 'ಹೌದು, ಐತಿ' ಅನ್ನಬೇಕಂತ ಮಾಡೇನಿ."

ಡ್ರೈವರ್ ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ಊಟದ ಗಂಗಾಳದಲ್ಲಿಟ್ಟು, ಎದ್ದು ಹೋಗಿ ಸಬಕಾರ ಹುಡುಕತೊಡಗಿದ.